ಅಂಗಿ ಎಳೆದರೂ ಯುದ್ಧವೇ

ಲಂಡನ್ನಿನ ಚೆಲ್ಸಿ–ಟಾಟನ್‌ಹ್ಯಾಮ್ ಫುಟ್‌ಬಾಲ್ ಪಂದ್ಯ ಬಂತೆಂದರೆ ಕಾಮೆಂಟ್ರಿಯವರ ಮೈಮೇಲೆ ದೇವರು ಬರುತ್ತದೆ. ಚೆಲ್ಸಿಯ ಸ್ಟೇಡಿಯಂ ಹೆಸರು ಸ್ಟ್ಯಾಮ್‌ಫರ್ಡ್ ಬ್ರಿಡ್ಜ್ ನೋಡಿ, ‘ಬ್ಯಾಟಲ್ ಆಫ್ ದ ಬ್ರಿಡ್ಜ್’ ಅಂತ ಶುರು ಹಚ್ಚಿಕೊಂಡರೆ ಕೊನೆಯ ಸೀಟಿಯವರೆಗೂ ನಿಲ್ಲಿಸುವುದಿಲ್ಲ. 2022ರ ಆಗಸ್ಟಿನಲ್ಲಿ ಎರಡು ತಂಡಗಳ ಕೋಚ್‌ಗಳು, ಟುಖೆಲ್, ಕಾಂಟೆ ಇಬ್ಬರೂ ರೆಡ್ ಕಾರ್ಡ್ ತಿಂದರು. ಯಾಕೆ? ಪಂದ್ಯ ಮುಗಿದ ಮೇಲೆ ಕೈಕುಲುಕಲು ಹೋಗಿ ಕೈ ಬಿಡದಿದ್ದಕ್ಕೆ! ಇದೂ ಯುದ್ಧದ ಲೆಕ್ಕಕ್ಕೇ ಸೇರಿತು.

ಅಸಲಿ ಸ್ಟ್ಯಾಮ್‌ಫರ್ಡ್ ಬ್ರಿಡ್ಜ್ ಇರುವುದು ಯಾರ್ಕ್‌ಷೈರಿನಲ್ಲಿ, ಡರ್ವೆಂಟ್ ನದಿಯ ಮೇಲೆ. ಲಂಡನ್ನಿನ ಸ್ಟೇಡಿಯಂಗೂ ಅದಕ್ಕೂ ನಂಟಿಲ್ಲ. ಸ್ಟೇಡಿಯಂ ಹೆಸರು ಪಕ್ಕದಲ್ಲಿದ್ದ ಹಳ್ಳದ ಸಣ್ಣ ಸೇತುವೆಗಳಿಂದ ಬಂದದ್ದು. ಆ ಹಳ್ಳದ ಜಾಡಿನಲ್ಲಿ ಈಗ ರೈಲು ಓಡುತ್ತದೆ.

1066ರ ಸೆಪ್ಟೆಂಬರ್ 25. ನಾರ್ವೆಯ ದೊರೆ ಹಾರಾಲ್ಡ್ ಹಾರ್ಡ್ರಾಡ ಸುಮಾರು 300 ಹಡಗು ಕಟ್ಟಿಕೊಂಡು ಬಂದಿದ್ದ. ಐದು ದಿನ ಮುಂಚೆ ಫುಲ್‌ಫರ್ಡಿನಲ್ಲಿ ಗೆದ್ದ ಗುಂಗು ಬೇರೆ. ಸೆಕೆ ಅಂತ ಅವನ ಜನ ಕಬ್ಬಿಣದ ಕವಚಗಳನ್ನು ರಿಕಾಲಿನಲ್ಲಿ, ಹಡಗುಗಳಲ್ಲೇ ಬಿಟ್ಟು ಬಂದಿದ್ದರು. ಇಂಗ್ಲೆಂಡಿನ ದೊರೆ ಹೆರಾಲ್ಡ್ ಇನ್ನೂ ದಕ್ಷಿಣದಲ್ಲೇ ಇದ್ದಾನೆಂದು ಅವರ ಎಣಿಕೆ. ಅವನೋ ನಾಲ್ಕೈದು ದಿನದಲ್ಲಿ ಮುನ್ನೂರು ಕಿಲೋಮೀಟರ್ ಸೈನ್ಯ ನಡೆಸಿಕೊಂಡು ಬಂದು ಎದುರಿಗೆ ನಿಂತಿದ್ದ. ಕೊಡಲಿ ಹಿಡಿದ ನಾರ್ವೆಯವನೊಬ್ಬ ಸೇತುವೆಗೆ ಅಡ್ಡ ನಿಂತು ಇಡೀ ಸೈನ್ಯವನ್ನು ತಡೆದನಂತೆ. ಕೊನೆಗೆ ಸೇತುವೆಯ ಕೆಳಗಿನಿಂದ ಈಟಿ ತಿವಿದು ಕೊಂದರಂತೆ. ಹಡಗಿನ ಬಳಿಯಿದ್ದವರು ಸುದ್ದಿ ತಿಳಿದು ಕವಚ ತೊಟ್ಟು ಇಪ್ಪತ್ತು ಕಿಲೋಮೀಟರ್ ಓಡಿ ಬಂದರು; ಕೆಲವರು ಬಳಲಿಕೆಗೇ ಸತ್ತರು. ಉಳಿದವರು ಊರಿಗೆ ಮರಳಲು 24 ಹಡಗು ಸಾಕಾಯಿತು.

ಈಗ 2016ರ ಮೇ 2ರ ‘ಯುದ್ಧ’. ಟಾಟನ್‌ಹ್ಯಾಮ್‌ಗೆ ಒಂಬತ್ತು ಹಳದಿ ಕಾರ್ಡು, ಚೆಲ್ಸಿಗೆ ಮೂರು. ಟಾಟನ್‌ಹ್ಯಾಮ್‌ನ ಡೆಂಬೆಲೆ ಎದುರಾಳಿಯ ಕಣ್ಣಿಗೆ ಬೆರಳು ಹಾಕಿ ಆರು ಪಂದ್ಯ ನಿಷೇಧ ಹೊತ್ತ. 2–2 ಡ್ರಾ. ಟಾಟನ್‌ಹ್ಯಾಮ್ ಗೆಲ್ಲದ್ದರಿಂದ ಮನೆಯಲ್ಲಿ ಕೂತಿದ್ದ ಲೆಸ್ಟರ್ ತಂಡದವರಿಗೆ ಪ್ರೀಮಿಯರ್ ಲೀಗ್ ಪ್ರಶಸ್ತಿ. ಹಾರ್ಡ್ರಾಡನ ಗಂಟಲಿಗೆ ಬಾಣ ನಾಟಿತ್ತೆನ್ನುತ್ತಾರೆ, ಪಾಪ, ಆಗ ಫಿಸಿಯೋ ಇರಲಿಲ್ಲ.

ಈ ಮೈದಾನದಲ್ಲಿ ನಿಜವಾದ ಕಾಳಗ ನಡೆದಿರುವುದು ಜಮೀನಿಗೆ. ಚೆಲ್ಸಿ ಕ್ಲಬ್ಬು ಇರುವುದೇ ಪಕ್ಕದ ಬಡಾವಣೆ ಫುಲಮ್ಮಿನಲ್ಲಿ. ಜಾಗವನ್ನು ಮೊದಲು ಫುಲಮ್ ಕ್ಲಬ್ಬಿಗೇ ಕೊಡಲು ಹೋಗಿದ್ದರು. ಅವರು ಬೇಡವೆಂದ ಮೇಲೆ 1905ರಲ್ಲಿ ಹೊಸ ಕ್ಲಬ್ಬೇ ಹುಟ್ಟಿತು. 1980ರ ದಶಕದಲ್ಲಿ ರಿಯಲ್ ಎಸ್ಟೇಟಿನವರು ಮೈದಾನ ಕೊಂಡು ಕ್ಲಬ್ಬನ್ನೇ ಎಬ್ಬಿಸಲು ನೋಡಿದರು. ಆ ಗತಿ ಮತ್ತೆ ಬಾರದಿರಲೆಂದು ಈಗ ಮೈದಾನದ ಒಡೆತನ ನೂರು ಪೌಂಡಿನ ಷೇರು ಕೊಂಡ ಅಭಿಮಾನಿಗಳ ಸಂಸ್ಥೆಯ ಕೈಯಲ್ಲಿದೆ. ತಂಡ ಅಲ್ಲಿಂದ ಕಾಲ್ಕಿತ್ತರೆ ‘ಚೆಲ್ಸಿ ಫುಟ್‌ಬಾಲ್ ಕ್ಲಬ್’ ಎಂಬ ಹೆಸರಿಗೂ ಇವರ ಅಪ್ಪಣೆ ಬೇಕು. 2011ರಲ್ಲಿ, ರಷ್ಯಾದ ಅಬ್ರಾಮೊವಿಚ್ ಮಾಲೀಕರಾಗಿದ್ದ ಕಾಲದ ಆಡಳಿತ ಮೈದಾನವನ್ನು ಮರಳಿ ಕೊಳ್ಳಲು ಹೊರಟಿತು. ಮುಕ್ಕಾಲು ಪಾಲು ಮತ ಬೇಕಿತ್ತು, ಶೇ 62ರ ಹತ್ತಿರವೇ ನಿಂತಿತು. ಶತಕೋಟ್ಯಧಿಪತಿ ಬಾಗಿಲಿಂದಲೇ ವಾಪಸ್! ಈ ಕೊಡಲಿಯವರಿಗೆ ಕೆಳಗಿನಿಂದ ತಿವಿಯಲು ಇನ್ನೂ ಯಾರಿಗೂ ದಾರಿ ಸಿಕ್ಕಿಲ್ಲ.

ಇಷ್ಟರವರೆಗೆ ನಗಬಹುದು. ರಷ್ಯಾ ಉಕ್ರೇನಿಗೆ ನುಗ್ಗಿದ ಮೇಲೆ 2022ರಲ್ಲಿ ಅಬ್ರಾಮೊವಿಚ್ ಕ್ಲಬ್ಬು ಮಾರಿದರು. 250 ಕೋಟಿ ಪೌಂಡು ಯುದ್ಧದ ಸಂತ್ರಸ್ತರಿಗೆ ಎಂದು ಮಾತಾಯಿತು. ಆ ದುಡ್ಡು ಬ್ರಿಟನ್ನಿನ ಬ್ಯಾಂಕಿನಲ್ಲಿ ಹೆಪ್ಪುಗಟ್ಟಿತು. ಉಕ್ರೇನಿನೊಳಗೆ ಮಾತ್ರ ಖರ್ಚಾಗಬೇಕು ಅಂತ ಸರ್ಕಾರ, ಎಲ್ಲ ಸಂತ್ರಸ್ತರಿಗೂ ಅಂತ ಮಾರಿದವರ ಕಡೆ. 2025ರ ಡಿಸೆಂಬರಿನಲ್ಲೂ ಬ್ರಿಟನ್ ಪ್ರಧಾನಿ ಸಂಸತ್ತಿನಲ್ಲಿ ನಿಂತು ಎಚ್ಚರಿಕೆ ಕೊಡುತ್ತಿದ್ದರು. ಮೂರೂವರೆ ವರ್ಷ. ಕಾಲು ಕಳೆದುಕೊಂಡವರಿಗೆ, ಮನೆ ಸುಟ್ಟವರಿಗೆ ಎಂದು ಹೇಳಿದ ದುಡ್ಡು ಕರಾರಿನ ಒಂದು ಸಾಲಿಗೆ ಸಿಕ್ಕಿ ಬಿದ್ದಿತ್ತು, ಯಾರಿಗೂ ನಾಚಿಕೆಯಿರಲಿಲ್ಲ. ಅದೇ ಅವಧಿಯಲ್ಲಿ ಹೊಸ ಮಾಲೀಕರು ಆಟಗಾರರನ್ನು ಕೊಳ್ಳಲು 100 ಕೋಟಿ ಪೌಂಡಿಗೂ ಹೆಚ್ಚು ಸುರಿದರು. ಆ ಕಾಗದಗಳಿಗೆ ಸಹಿ ಬೀಳಲು ಒಂದು ದಿನವೂ ತಡವಾಗಲಿಲ್ಲ.