ಪೆನ್ನಿಯನ್ನು ಬಿಟ್ಟವನು ಇವನೇ ಅಲ್ವಾ?

'ಹೈ ಫಿಡೆಲಿಟಿ' (2000) ಸಿನಿಮಾ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ. ಆದರೆ ಸಿನಿಮಾದ ನಾಯಕ, ಹಾಡಿನ ರೆಕಾರ್ಡ್ ಅಂಗಡಿಯ ಮಾಲೀಕ ರಾಬ್‌ನನ್ನು 'ಪಾಪದ ಪ್ರೇಮಿ' ಎಂದದ್ದು ಒಪ್ಪಲಾರೆ. ಪಾಪ ಏನು ಬಂತು? ಜೊತೆಗಿದ್ದ ಗೆಳತಿ ಲಾರಾ ಮನೆ ಬಿಟ್ಟು ಹೊರಟಳು ಅಂದರೆ ಇವನು ತನ್ನ ಮನಸ್ಸು ಮುರಿದ ಐದು ಹುಡುಗಿಯರ ಪಟ್ಟಿ ಹಾಕುತ್ತಾನೆ. ಆಮೇಲೆ ಹಳಬರನ್ನೆಲ್ಲ ಹುಡುಕಿಕೊಂಡು ಹೋಗುತ್ತಾನೆ. ಅವರಲ್ಲಿ ಒಬ್ಬಳಾದ ಪೆನ್ನಿ ಸಿಕ್ಕಾಗ ನೋಡಿದರೆ ಅವಳನ್ನು ಬಿಟ್ಟವನು ಇವನೇ! ಅವಳು ಸಿಟ್ಟಿನಿಂದ ಎದ್ದು ಹೋಗುತ್ತಾಳೆ, ಇವನಿಗೆ ಒಳಗೊಳಗೇ ಖುಷಿ.

ರಾಬ್ ಆಗಿ ಜಾನ್ ಕ್ಯುಸಾಕ್ ಕ್ಯಾಮೆರಾ ನೋಡಿಕೊಂಡು ಅಷ್ಟು ಚೆಂದ ಮಾತಾಡುತ್ತಾನಲ್ಲ, ನಾವು ಸುಮ್ನೆ ಅವನ ಕಡೆ ವಾಲಿಬಿಡುತ್ತೇವೆ. ಲಾರಾಗೆ ಮೋಸ ಮಾಡಿದ್ದು, ಅವಳ ಹತ್ತಿರ ಸಾಲ ಪಡೆದದ್ದು, ಇದೆಲ್ಲ ಅವನ ಬಾಯಿಂದ ಬರುವುದು ತಡವಾಗಿ. ನಿರ್ದೇಶಕ ಸ್ಟೀಫನ್ ಫ್ರಿಯರ್ಸ್ ನಮ್ಮನ್ನು ಬೇಕೆಂದೇ ಹೀಗೆ ಸಿಕ್ಕಿಸುತ್ತಾರೆ.

ಲೇಖನದಲ್ಲಿ ಜ್ಯಾಕ್ ಬ್ಲ್ಯಾಕ್‌ಗೆ ಒಂದೇ ಸಾಲು, ಅನ್ಯಾಯ! ಮಗಳಿಗಾಗಿ ಸ್ಟೀವಿ ವಂಡರ್ ಹಾಡು ಕೇಳಿ ಬಂದ ಗಿರಾಕಿಯನ್ನು ಅಂಗಡಿಯ ನೌಕರ ಬ್ಯಾರಿ (ಬ್ಲ್ಯಾಕ್ ಮಾಡಿದ ಪಾತ್ರ) ಬೈದು ಓಡಿಸುವ ದೃಶ್ಯ ನೆನೆದರೆ ಈಗಲೂ ನಗು ಬರುತ್ತದೆ. ಹಾಡು ಗೊತ್ತಿರುವುದೇ ದೊಡ್ಡಸ್ತಿಕೆ ಅಂದುಕೊಂಡವರು ಹೀಗೇ ಇರುತ್ತಾರೆ.

ಇದೇ ಕಥೆಯ 2020ರ ವೆಬ್ ಸರಣಿಯಲ್ಲಿ ರಾಬ್ ಹೆಣ್ಣು, ಪಾತ್ರ ಮಾಡಿದ್ದು ಜೋಯಿ ಕ್ರಾವಿಟ್ಜ್. ಅವರ ತಾಯಿ ಲಿಸಾ ಬೋನೆ ಈ ಸಿನಿಮಾದಲ್ಲಿ ಗಾಯಕಿಯಾಗಿದ್ದರು. ಅದನ್ನೂ ಬರೆಯಬಹುದಿತ್ತು.