ಸವಳು ನೀರಿನ ಕೊಳ

ಗಂಗಾವತಿಯ ಸುತ್ತಮುತ್ತ ನೀರಿನ ಗುಣವನ್ನು ತೀರ್ಮಾನಿಸುವ ಅಧಿಕಾರ ಬಹಳ ಕಾಲದಿಂದ ತೊಗರಿಬೇಳೆಯ ಕೈಯಲ್ಲಿದೆ. ಬೇಳೆ ಬೇಗ ಬೆಂದರೆ ಸಿಹಿನೀರು. ಕುಕ್ಕರ್ ಎಷ್ಟು ಸೀಟಿ ಹೊಡೆದರೂ ಬೇಳೆ ಕರಗದೆ ಹಟ ಹಿಡಿದು ಕುಳಿತರೆ ಸವಳು ನೀರು. ಇದಕ್ಕಿಂತ ಹೆಚ್ಚಿನ ರಸಾಯನಶಾಸ್ತ್ರ ನಮ್ಮ ಅಡುಗೆಮನೆಗಳಿಗೆ ಬೇಕಾಗಿರಲಿಲ್ಲ. ಆದರೆ ನಮ್ಮ ಬೀಗರು ತೋಟದ ಮನೆಯ ಹಿತ್ತಲಲ್ಲಿ ಈಜುಕೊಳ ಕಟ್ಟಿಸಿ, ಅದಕ್ಕೆ ಬೋರ್‌ವೆಲ್ ನೀರನ್ನೇ ತುಂಬಿಸಿ, ಒಂದು ಕಾಲದಲ್ಲಿ ರಸಾಯನಶಾಸ್ತ್ರದ ಪಾಠ ಹೇಳಿದವನೆಂಬ ಏಕಮಾತ್ರ ಕಾರಣಕ್ಕೆ ಅದರ ಉಸ್ತುವಾರಿಯನ್ನು ನನಗೆ ಒಪ್ಪಿಸಿದ ಮೇಲೆ, ಬೇಳೆಯ ತೀರ್ಪು ಸಾಲದೆ, ನೀರು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂದು ಹೇಳುವ ಪಿಎಚ್ ಎಂಬ ಅಂಕಿಯ ಹಿಂದೆ ಬೀಳಬೇಕಾಯಿತು.

ಈ ಅಳತೆಯನ್ನು 1909ರಲ್ಲಿ ಜಗತ್ತಿಗೆ ಕೊಟ್ಟವರು ಡೆನ್ಮಾರ್ಕಿನ ಸೋರೆನ್‌ಸೆನ್. ಅವರು ಕೆಲಸ ಮಾಡುತ್ತಿದ್ದುದು ಬಿಯರ್ ತಯಾರಕರು ಸ್ಥಾಪಿಸಿದ್ದ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಂಬ ಸಂಗತಿಯನ್ನು ಬೀಗರು ನನ್ನ ಉಳಿದೆಲ್ಲ ಮಾತುಗಳಿಗಿಂತ ಹೆಚ್ಚು ಶ್ರದ್ಧೆಯಿಂದ ಕೇಳಿಸಿಕೊಂಡರು. ಕೊಳದ ನೀರಿನ ಪಿಎಚ್ 7.2ರಿಂದ 7.8ರ ನಡುವೆ ಇರಬೇಕು. ಅಂತರ ಬರಿಗಣ್ಣಿಗೆ ಅಲ್ಪವೆನಿಸಿದರೂ ಈ ಮಾಪಕದಲ್ಲಿ ಒಂದು ಅಂಕಿ ಏರಿದರೆ ಆಮ್ಲೀಯತೆ ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆಯಾದ್ದರಿಂದ, ದಶಮಾಂಶ ಬಿಂದುವಿನ ಆಚೆಗಿನ ಅಂಕಿಯನ್ನು ಚಿಲ್ಲರೆಯೆಂದು ಬಿಡುವಂತಿಲ್ಲ.

ಬಿಟ್ಟರೆ ಮೊದಲು ಕೈಕೊಡುವುದು ಕ್ಲೋರಿನ್. ನೀರಿಗೆ ಬಿದ್ದ ಕ್ಲೋರಿನ್ ಎರಡು ರೂಪ ತಾಳುತ್ತದೆ: ರೋಗಾಣುಗಳನ್ನು ಚುರುಕಾಗಿ ಕೊಲ್ಲುವ ಹೈಪೋಕ್ಲೋರಸ್ ಆಮ್ಲ ಒಂದು, ಅದೇ ಕೆಲಸವನ್ನು ಸೋಮಾರಿಯಾಗಿ ಮಾಡುವ ಹೈಪೋಕ್ಲೋರೈಟ್ ಇನ್ನೊಂದು. ಪಿಎಚ್ 7.2ರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಚುರುಕಿನ ರೂಪದಲ್ಲಿರುತ್ತದೆ, 7.5ರ ಹೊತ್ತಿಗೆ ಅದು ಅರ್ಧಕ್ಕೆ, 8ರ ಹೊತ್ತಿಗೆ ಕಾಲು ಪಾಲಿಗೆ ಇಳಿಯುತ್ತದೆ. ಆಗ ಗೋಡೆಗೆ ಪಾಚಿ ಹಿಡಿಯುತ್ತದೆ. ಔಷಧಿ ಸಾಲದೆಂದು ಮನೆಯವರು ಇನ್ನಷ್ಟು ಬ್ಲೀಚಿಂಗ್ ಪೌಡರ್ ಸುರಿಯುತ್ತಾರೆ. ಆ ಪೌಡರೇ ಕ್ಷಾರೀಯವಾದ್ದರಿಂದ ಪಿಎಚ್ ಮತ್ತೂ ಏರುತ್ತದೆ. ಕೊಳದ ಹತ್ತಿರ ಮೂಗಿಗೆ ಬಡಿಯುವ ಘಾಟನ್ನು ಕ್ಲೋರಿನ್ ಹೆಚ್ಚಾದದ್ದರ ಗುರುತೆಂದು ತಿಳಿಯುವವರೂ ಉಂಟು. ಅದು ಬೆವರು ಮತ್ತು ಮೂತ್ರದ ಸಾರಜನಕದೊಡನೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನುಗಳ ವಾಸನೆ. ಕಣ್ಣು ಕೆಂಪಾಗುವುದಕ್ಕೂ ಬಹುಮಟ್ಟಿಗೆ ಅವೇ ಕಾರಣ. ಮಕ್ಕಳಿಗೆ ಮೊದಲು ಸ್ನಾನ, ಆಮೇಲೆ ಈಜು ಎಂದು ನಾನು ಹಾಕಿದ ನಿಯಮದ ಪಾಲನೆ ಮಾತ್ರ ಹೊಸ ಮೊಮ್ಮಕ್ಕಳು ಬಂದಾಗಲೆಲ್ಲ ಸಡಿಲವಾಗುತ್ತದೆ.

ಪರೀಕ್ಷೆಯ ಕೆಲಸ ನನಗೆ ಪ್ರಿಯವಾದದ್ದು. ಹೊಸ ನೀರು ಬೀಳುವ ಬಾಯಿಯಿಂದ ದೂರ ಕುಳಿತು, ಮೊಣಕೈ ಮುಳುಗುವವರೆಗೆ ಕೈ ಇಳಿಸಿ, ಸಣ್ಣ ಗಾಜಿನ ನಳಿಕೆಯಲ್ಲಿ ಅಲ್ಲಿಯ ನೀರನ್ನು ತುಂಬಿ, ಫೀನಾಲ್ ರೆಡ್ ದ್ರಾವಣದ ಹನಿಗಳನ್ನು ಬಿಡಬೇಕು. ಅಲುಗಿಸುವಾಗ ಹೆಬ್ಬೆರಳಿನಿಂದ ಬಾಯಿ ಮುಚ್ಚಬಾರದು, ಬೆರಳಿನ ಬೆವರೂ ಲೆಕ್ಕಕ್ಕೆ ಸೇರಿಬಿಡುತ್ತದೆ, ಮುಚ್ಚಳವನ್ನೇ ಹಾಕಬೇಕು. ಬಣ್ಣವನ್ನು ಹಗಲು ಬೆಳಕಿನಲ್ಲಿ, ಸುಣ್ಣ ಬಳಿದ ಗೋಡೆಯ ಎದುರು ಹಿಡಿದು ನೋಡಬೇಕು. ಹಳದಿಯಾದರೆ ಆಮ್ಲ ಹೆಚ್ಚು, ಕಡುಗುಲಾಬಿಯಾದರೆ ಕ್ಷಾರ ಹೆಚ್ಚು. ಬಿಡಿಸಿದ ಕಿತ್ತಳೆ ತೊಳೆಯ ಬಣ್ಣ ಬಂದರೆ ಆ ದಿನ ಯಾರಿಗೂ ಕೆಲಸವಿಲ್ಲ. ನಮ್ಮಲ್ಲಿ ಹಳದಿ ಬಂದದ್ದು ಅಪರೂಪ. ಬರುವುದೆಲ್ಲ ಗುಲಾಬಿಯೇ.

ಅದಕ್ಕೆ ಕಾರಣ ನೆಲದಲ್ಲಿದೆ. ಇಲ್ಲಿಯ ಅಂತರ್ಜಲದಲ್ಲಿ ಬೈಕಾರ್ಬೊನೇಟ್ ಧಾರಾಳವಾಗಿದ್ದು, ಅದರ ಜೊತೆಗೆ ಕರಗಿಕೊಂಡಿರುವ ಇಂಗಾಲದ ಡೈಆಕ್ಸೈಡ್ ನೀರು ಮೇಲೆ ಬಂದು ಗಾಳಿಗೆ ಒಡ್ಡಿಕೊಳ್ಳುತ್ತಲೇ ಮೆಲ್ಲಗೆ ಹಾರಿಹೋಗುವುದರಿಂದ, ಯಾರು ಏನನ್ನೂ ಬೆರೆಸದಿದ್ದರೂ ಪಿಎಚ್ ತಾನಾಗಿ ಮೇಲೇರುತ್ತದೆ. ಬೀಗರು ಅಂದಕ್ಕೆಂದು ಇರಿಸಿದ ಸಿಂಹಮುಖದ ಕಾರಂಜಿ ನೀರನ್ನು ಹಗಲಿರುಳು ಗಾಳಿಗೆ ಎರಚಿ ಈ ಏರಿಕೆಗೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ. ಹೀಗಾಗಿ ಪಿಎಚ್ಚನ್ನಷ್ಟೇ ನೋಡಿ ಆಮ್ಲ ಹಾಕುತ್ತ ಹೋದರೆ ಇಂದು ಇಳಿದದ್ದು ನಾಲ್ಕು ದಿನಕ್ಕೆ ಮತ್ತೆ ಮೇಲಿರುತ್ತದೆ. ನನ್ನ ಮಟ್ಟಿಗೆ ನಮ್ಮ ಸೀಮೆಯ ಕೊಳದಲ್ಲಿ ಹಿಡಿಯಬೇಕಾದ ಜುಟ್ಟು ಪಿಎಚ್ ಅಲ್ಲ, ಒಟ್ಟು ಕ್ಷಾರತೆ, ಅಂದರೆ ಆಮ್ಲವನ್ನು ನುಂಗಿಕೊಳ್ಳುವ ಬೈಕಾರ್ಬೊನೇಟಿನಂಥವು ನೀರಿನಲ್ಲಿ ಒಟ್ಟು ಎಷ್ಟಿವೆ ಎಂಬ ಲೆಕ್ಕ. ಅದು ಲೀಟರಿಗೆ 80ರಿಂದ 120 ಮಿಲಿಗ್ರಾಂ ಒಳಗೆ ಬಂದರೆ ಪಿಎಚ್ ಹೇಳಿದ ಮಾತು ಕೇಳುತ್ತದೆ. ಆಮ್ಲ ಹಾಕಿ ಪಿಎಚ್ಚನ್ನು 7.2ರ ಆಸುಪಾಸಿಗೆ ಇಳಿಸುವುದು, ಆಮೇಲೆ ಕಾರಂಜಿ ಬಿಟ್ಟು ಏರಗೊಡುವುದು, ಮತ್ತೆ ಆಮ್ಲ ಹಾಕುವುದು. ಒಂದೊಂದು ಸುತ್ತಿಗೂ ಕ್ಷಾರತೆ ಒಂದಿಷ್ಟು ಕರಗುತ್ತದೆ. ಸಿಂಹಕ್ಕೆ ಒಂದು ಉದ್ಯೋಗ ಸಿಕ್ಕಿದ್ದು ಹೀಗೆ.

ಆಮ್ಲವೆಂದರೆ ಹಾರ್ಡ್‌ವೇರ್ ಅಂಗಡಿಯ ಮ್ಯೂರಿಯಾಟಿಕ್ ಆಸಿಡ್, ಅಂದರೆ ಹೈಡ್ರೋಕ್ಲೋರಿಕ್ ಆಮ್ಲ. ಬಕೆಟ್ಟಿನಲ್ಲಿ ಮೊದಲು ನೀರು, ಅದರೊಳಗೆ ಆಮ್ಲ. ಈ ಕ್ರಮ ತಿರುವುಮುರುವಾಗಕೂಡದು. ಬ್ಲೀಚಿಂಗ್ ಪೌಡರಿನ ಡಬ್ಬವನ್ನು ಅದೇ ಕೋಣೆಯಲ್ಲಿ ಇಡಲೇಬಾರದು, ಎರಡೂ ಬೆರೆತರೆ ಏಳುವುದು ವಿಷಕಾರಿ ಕ್ಲೋರಿನ್ ಅನಿಲ. ತೋಟದ ಆಳಿಗೆ ಇದನ್ನು ತಿಳಿಸುವುದು ಕಷ್ಟವಾಗಲಿಲ್ಲ, ಏಕೆಂದರೆ ಆಮ್ಲದ ಕ್ಯಾನಿನ ಪಕ್ಕದಲ್ಲಿದ್ದ ಅವನ ಕುಡುಗೋಲು ಮುಚ್ಚಳದಿಂದ ಸೋರಿದ ಆವಿಗೇ ತುಕ್ಕು ಹಿಡಿದುದನ್ನು ಅವನು ಕಣ್ಣಾರೆ ಕಂಡಿದ್ದನು. ಮಣ್ಣು ಆರೋಗ್ಯ ಕಾರ್ಡಿನಲ್ಲಿ ರಸಸಾರದ, ಅಂದರೆ ಇದೇ ಪಿಎಚ್ಚಿನ, ಅಂಕಿ ಓದಿ ಸವಳು ಗದ್ದೆಗೆ ಜಿಪ್ಸಂ ಹಾಕಿಸಿದ ಅನುಭವ ಅವನಿಗುಂಟು. ಕೊಳಕ್ಕೂ ಎರಡು ಚೀಲ ಹಾಕೋಣವೇ ಎಂದು ಕೇಳಿದನು. ಪ್ರಶ್ನೆ ದಡ್ಡತನದ್ದಲ್ಲ. ಜಿಪ್ಸಂ ಕ್ಷಾರ ಭೂಮಿಯಲ್ಲಿ ಸೋಡಿಯಂ ಹೊರದೂಡಲು ನೆರವಾಗುತ್ತದೆ. ಕೊಳದಲ್ಲಿ ಅದು ಕೊಡುವುದು ಇನ್ನಷ್ಟು ಕ್ಯಾಲ್ಸಿಯಂ, ಅದಂತೂ ನಮ್ಮಲ್ಲಿ ಮೊದಲೇ ಮಿತಿಮೀರಿದೆ.

ಮಿತಿಮೀರಿದ್ದನ್ನು ಬೇಸಿಗೆ ಬಯಲು ಮಾಡುತ್ತದೆ. ಏಪ್ರಿಲ್, ಮೇ ತಿಂಗಳ ನಲವತ್ತು ಡಿಗ್ರಿಯ ಬಿಸಿಲಿಗೆ ಕೊಳ ದಿನದಿನಕ್ಕೂ ತಗ್ಗುತ್ತದೆ; ನೀರು ಆವಿಯಾಗಿ ಹೋಗುವಾಗ ಲವಣವನ್ನು ಇಲ್ಲಿಯೇ ಬಿಟ್ಟುಹೋಗುತ್ತದೆ, ಕೊರತೆ ತುಂಬಲು ಬಿಟ್ಟ ಬೋರ್ ನೀರು ಹೊಸ ಲವಣವನ್ನು ತರುತ್ತದೆ. ನೀಲಿ ಟೈಲ್ಸಿನ ಮೇಲೆ ನೀರಿನ ಮಟ್ಟದುದ್ದಕ್ಕೂ ಬೆಳ್ಳನೆಯ ಗೆರೆಯೊಂದು ಕಟ್ಟಿಕೊಳ್ಳುತ್ತದೆ, ಅದರ ಮೇಲೆ ನಿಂಬೆರಸ ಹಿಂಡಿದರೆ ಸಣ್ಣ ಗುಳ್ಳೆಗಳು ಏಳುತ್ತವೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಬೆಂಡು ಕಟ್ಟಿಕೊಂಡು ಈಜು ಕಲಿತ ನಮ್ಮ ತಲೆಮಾರಿಗೆ ಇಂಥ ಗೆರೆಯ ಪರಿಚಯವಿರಲಿಲ್ಲ. ಅಲ್ಲಿ ನೀರು ಲೆಕ್ಕ ಉಳಿಸಿಕೊಳ್ಳದೆ ಮುಂದಕ್ಕೆ ಹೋಗುತ್ತಿತ್ತು.

ಉಳಿದಿರುವ ಉಪಾಯ ಒಂದೇ: ಹಳೆಯ ನೀರನ್ನು ಒಂದಿಷ್ಟು ಹೊರಹಾಕಿ ಮೆದು ನೀರನ್ನು ಸೇರಿಸುವುದು. ಮಳೆನೀರಿನಲ್ಲಿ ಬೈಕಾರ್ಬೊನೇಟೂ ಇಲ್ಲ, ಕ್ಯಾಲ್ಸಿಯಮ್ಮೂ ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಮಳೆಯ ಧೂಳು ತೊಳೆದುಹೋದ ಮೇಲೆ ಮನೆಯ ತಾರಸಿಯ ಪೈಪನ್ನು ಕೊಳದ ಕಡೆಗೆ ತಿರುಗಿಸಬೇಕೆಂದು ಬೀಗರಿಗೆ ಹೇಳಿದ್ದೇನೆ. ಪ್ಲಂಬರ್ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾನೆ. ಮುಂಗಾರು ಮೊದಲು ಬರುತ್ತದೆಯೋ ಅವನು ಮೊದಲು ಬರುತ್ತಾನೆಯೋ ಎಂಬ ವಿಷಯದಲ್ಲಿ ಮನೆಯಲ್ಲಿ ಪಂದ್ಯ ನಡೆದಿದೆ.