ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ಮಗು ಯಾಕೆ ‘ಹಿಂದೆ’ ಬೀಳುತ್ತದೆ?

ನಲಿಕಲಿ, ಅಂದರೆ ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಆ ಕೋಣೆಯಲ್ಲಿ ಮೂರು ವರ್ಷ ಖುಷಿಯಾಗಿ ಕಲಿತ ಮಗುವಿಗೆ ನಾಲ್ಕನೇ ಕ್ಲಾಸಿಗೆ ಬಂದ ಕೂಡಲೇ ‘ದಡ್ಡ’ ಅನ್ನೋ ಹೆಸರು ಬೀಳುತ್ತದೆ. ಹೊಸನಗರ, ತೀರ್ಥಹಳ್ಳಿ ಕಡೆಯ ನಮ್ಮ ಸಣ್ಣ ಶಾಲೆಗಳಲ್ಲಿ ಇದನ್ನು ನೋಡಿ ನೋಡಿ ಸಂಕಟವಾಗುತ್ತದೆ. ಮಗು ಅದೇ. ಪಾಠ ಹೇಳುವ ರೀತಿ ಮಾತ್ರ ಬೇರೆ.

ನಲಿಕಲಿ ಶುರುವಾಗಿದ್ದು 1995ರಲ್ಲಿ, ಎಚ್.ಡಿ. ಕೋಟೆ ತಾಲೂಕಿನಲ್ಲಿ. ಆಂಧ್ರದ ರಿಷಿವ್ಯಾಲಿ ಶಾಲೆಯ ಪದ್ಧತಿ ನೋಡಿಬಂದ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ಅದನ್ನು ಇಲ್ಲಿಗೆ ಒಗ್ಗಿಸಿದರು. ಕಲಿಕೆಯ ಹಂತಗಳನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿ, ಕಾರ್ಡು, ಯಾರು ಯಾವ ಗುಂಪಿನಲ್ಲಿ ಕೂರಬೇಕು ಅಂತ ತೋರಿಸುವ ತಟ್ಟೆ, ತಲೆ ಮೇಲೆ ಮಕ್ಕಳ ಕೆಲಸ ತೂಗುಹಾಕಿದ ಚಪ್ಪರ. ಒಂದೇ ಕೋಣೆಯಲ್ಲಿ ಒಬ್ಬಳು ಟೀಚರ್ ಪಕ್ಕ ಕೂತು ಕಲಿಯುತ್ತಾಳೆ, ಇನ್ನೊಬ್ಬ ಗೆಳೆಯನ ಜೊತೆ, ಮತ್ತೊಬ್ಬ ತನ್ನಷ್ಟಕ್ಕೆ. ಜ್ವರ ಬಂದು ಒಂದು ವಾರ ಬಾರದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದೆ ಹೋಗುತ್ತದೆ. ನಾಲ್ಕನೇ ಕ್ಲಾಸಿನಲ್ಲಿ ಇದೆಲ್ಲ ಮುಗಿಯಿತು. ಎಲ್ಲರಿಗೂ ಒಂದೇ ಪುಟ, ಒಂದೇ ವೇಗ, ಕೊನೆಗೆ ಪ್ರಶ್ನೋತ್ತರ ಕಾಪಿ.

ಅಮೆರಿಕದ ಕಾಸ್ಟ್ ಅನ್ನೋ ಸಂಸ್ಥೆ ಕಟ್ಟಿದ ‘ಯೂನಿವರ್ಸಲ್ ಡಿಸೈನ್ ಫಾರ್ ಲರ್ನಿಂಗ್’ ಬಗ್ಗೆ ಈಗ ತರಬೇತಿಗಳಲ್ಲಿ ಕೇಳುತ್ತೇವೆ. ಅದರ ತಿರುಳು ಇಷ್ಟೇ: ಮಗುವಿಗೆ ಆಸಕ್ತಿ ಹುಟ್ಟಿಸಲು, ವಿಷಯ ತಿಳಿಸಲು, ಕಲಿತದ್ದನ್ನು ತೋರಿಸಲು ಒಂದಕ್ಕಿಂತ ಜಾಸ್ತಿ ದಾರಿಗಳನ್ನು ಮೊದಲೇ ಇಟ್ಟುಕೊಳ್ಳಿ. ಈ ‘ಮೊದಲೇ’ ಬಹಳ ಮುಖ್ಯ. ಪಾಠ ಮುಗಿಸಿ, ಅರ್ಥವಾಗದವರನ್ನು ಬೇರೆ ಕೂರಿಸಿದರೆ ಅಷ್ಟೊತ್ತಿಗೆ ಮಗು ಕುಗ್ಗಿಹೋಗಿರುತ್ತದೆ.

ಪುನರ್ವಸು ಮಳೆ ಜೋರಾದಾಗ ಶೀಟಿನ ಮಾಡಿನ ಕೆಳಗೆ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಆಗ ನಾವು ಏನು ಮಾಡುತ್ತೇವೆ? ಮುಖ್ಯ ಮಾತುಗಳನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇವೆ, ಚಿತ್ರ ಬಿಡಿಸುತ್ತೇವೆ, ಮಕ್ಕಳ ಹತ್ತಿರ ಹೋಗಿ ಮುಖ ನೋಡಿ ಮಾತಾಡುತ್ತೇವೆ. ಕಿವಿ ಮಂದ ಇರುವ ಮಗುವಿಗೆ ವರ್ಷವಿಡೀ ಬೇಕಾದದ್ದು ಇದೇ ಅಲ್ವಾ? ಮಳೆ ನಿಂತ ಮೇಲೂ ಹಾಗೇ ಮುಂದುವರಿಸಿದರೆ ಕಳೆದುಕೊಳ್ಳುವುದೇನು? ಮನೆಯಲ್ಲಿ ಬೇರೆ ಭಾಷೆ ಆಡುವ ಮಗುವಿಗೂ ಅದರಿಂದ ಅನುಕೂಲವೇ.

ಭಿನ್ನರಾಶಿ ತಗೊಳ್ಳಿ. 12 ಗೋಟಡಿಕೆ ಕೊಟ್ಟು ಕಾಲು ಭಾಗ ತೆಗೆ ಅಂದರೆ ಕಣ್ಣು ಮಂದ ಇರುವ ಹುಡುಗ ಮುಟ್ಟಿಯೇ ಮೂರು ಎತ್ತಿಡುತ್ತಾನೆ. ಒಬ್ಬಳು ಚಿತ್ರ ಬಿಡಿಸುತ್ತಾಳೆ. ಬರೆಯಲು ಕಷ್ಟಪಡುವವನು ಬಾಯಲ್ಲಿ ಹೇಳುತ್ತಾನೆ. ನಾವು ಅಳೆಯಬೇಕಿದ್ದು ‘ಕಾಲು’ ಗೊತ್ತಾಯಿತಾ ಅನ್ನೋದನ್ನು. ಅಕ್ಷರ ದುಂಡಗಿಲ್ಲ ಅಂತ ಗಣಿತದ ಅಂಕ ಕಡಿಯುವುದು ಯಾವ ನ್ಯಾಯ?

‘ಅವನಿಗೆ ಸುಲಭದ ಪ್ರಶ್ನೆ ಕೊಟ್ಟು ಪಾಸ್ ಮಾಡಿ’ ಅನ್ನುವವರಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ಅದು ಕರುಣೆಯಂತೆ ಕಂಡರೂ ಮಗುವಿನ ಕೈಬಿಟ್ಟ ಹಾಗೆಯೇ. ತಲುಪಬೇಕಾದ ಜಾಗ ಎಲ್ಲರಿಗೂ ಒಂದೇ ಇರಲಿ, ದಾರಿ ಬೇರೆ ಬೇರೆ ಇರಲಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಓದು, ಬರಹ, ಲೆಕ್ಕದಲ್ಲಿ ತೊಡಕಿರುವ ಕಲಿಕಾ ನ್ಯೂನತೆಯೂ ಅದರಲ್ಲಿದೆ. ಪರೀಕ್ಷೆಗೆ ಬರಹಗಾರರ ನೆರವು, ಹೆಚ್ಚು ಸಮಯ ಎಲ್ಲವೂ ಇದೆ. ಆದರೆ ಅದು ಪರೀಕ್ಷೆಯ ದಿನದ ಮಾತಾಯಿತು. ಉಳಿದ ದಿನಗಳ ಪಾಠ?

ಇಬ್ಬರೇ ಮೇಷ್ಟ್ರು, ಐದು ಕ್ಲಾಸು, ಮೇಲೆ ಬಿಸಿಯೂಟದ ಲೆಕ್ಕ, ಆನ್‌ಲೈನ್ ಎಂಟ್ರಿ. ಇಂಥ ಶಾಲೆಗೆ ‘ಎಲ್ಲರನ್ನೂ ಒಳಗೊಳ್ಳಿ’ ಅಂತ ಸುತ್ತೋಲೆ ಕಳಿಸಿದರೆ ಸಾಲದು. ಸುತ್ತಲಿನ ಶಾಲೆಗಳ ಮೇಷ್ಟ್ರುಗಳು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಮಾಹಿತಿ ತುಂಬುವುದನ್ನು ಕಡಿಮೆ ಮಾಡಿ. ಆ ಹೊತ್ತಲ್ಲಿ ಮುಂದಿನ ತಿಂಗಳ ಒಂದೇ ಒಂದು ಪಾಠವನ್ನು ಎಲ್ಲರೂ ಕೂತು ಹೀಗೆ ತಯಾರು ಮಾಡೋಣ. ವಿಶೇಷ ಮಕ್ಕಳ ಸಂಪನ್ಮೂಲ ಶಿಕ್ಷಕರು ಆ ದಿನ ನಮ್ಮ ಜೊತೆ ಇರಲಿ. ಶುರು ನಾಲ್ಕನೇ ಕ್ಲಾಸಿನಿಂದಲೇ ಆಗಲಿ.